ಹಸಿ ಗಾರೆಯ ಕಮಾನು

“ಬುದ್ಧಿ, ನನ್ನಲ್ಲಿ ಏನು ತಪ್ಪು ಕಂಡು ಹೊರಗೆ ಕಳಿಸುತ್ತಿದ್ದೀರಿ?” ಎಂದು ಕರಿಬಸವ ಕೇಳಿದ. ಬೇರೆ ಊರಿನ ಮಠದ ಪಾಠಶಾಲೆಯನ್ನು ಇನ್ನು ಮುಂದೆ ಅವನೇ ನಡೆಸಬೇಕೆಂದು ಗುರುಗಳು ಅಂದು ಬೆಳಿಗ್ಗೆ ಹೇಳಿದ್ದರು. “ನಾನಿನ್ನೂ ಹಸಿ. ಗಟ್ಟಿಯಾಗುವ ತನಕ ತಮ್ಮ ಆಸರೆಯಲ್ಲೇ ಇರುತ್ತೇನೆ.”

ಗುರುಗಳು ನಕ್ಕರು. “ಹಸಿಯೇ? ಹಾಗಾದರೆ ಒಂದು ಕತೆ ಕೇಳು. ಐರ್ಲೆಂಡ್ ಎಂಬ ದೇಶ ಎಲ್ಲಿದೆಯೆಂದು ನಿನಗೆ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಅಲ್ಲಿಯೂ ಕಲ್ಲು ಮೇಲಿನಿಂದ ಕೆಳಕ್ಕೇ ಬೀಳುತ್ತದೆ” ಎಂದು ಶುರುಮಾಡಿದರು.

ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಆ ದೇಶದಲ್ಲಿ ಒಬ್ಬ ವಾಸ್ತುಶಿಲ್ಪಿ ಇದ್ದ. ಕಲ್ಲುಕುಟಿಗನ ಮಗ. ನಕ್ಷೆ ಬರೆಯುವುದನ್ನು ಕಲಿತು ಶಾಲೆ, ಸೇತುವೆ, ಸಾಹುಕಾರರ ಮನೆ ಎಂದು ಬೇಕಾದಷ್ಟು ಕಟ್ಟಿಸಿದ್ದ. ಆದರೆ ಅವನ ಜೀವವೆಲ್ಲ ಒಂದೇ ಕೆಲಸದ ಮೇಲಿತ್ತು. ಅವನು ಹುಟ್ಟಿದ ಊರು ಸಮುದ್ರದ ದಂಡೆಯಲ್ಲಿತ್ತು. ಬರಗಾಲದ ಹಸಿವಿಗೆ ಅರ್ಧ ಊರು ಸತ್ತುಹೋಗಿತ್ತು. ಉಳಿದವರು ಒಂದು ಕೊಟ್ಟಿಗೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ನಾವಿನ್ನೂ ಬದುಕಿದ್ದೇವೆಂದು ದೂರದ ಹಡಗಿನವರಿಗೂ ಕಾಣುವಂಥ ಚರ್ಚು ಬೇಕು ಎಂದು ಅವರು ಅವನನ್ನು ಕರೆಸಿಕೊಂಡರು. ಕಲ್ಲನ್ನು ತಾವೇ ಹೊತ್ತು ತಂದರು.

ಈ ಗೋಡೆಯಿಂದ ಆ ಗೋಡೆಗೆ, ಒಂದರ ಹಿಂದೆ ಒಂದು, ಅಗಲವಾದ ಕಮಾನುಗಳು. ಅದು ಅವನ ನಕ್ಷೆ. ಕಮಾನು ಕಟ್ಟುವಾಗ ಅದೇ ಬಾಗಿನ ಮರದ ಚೌಕಟ್ಟನ್ನು ಕೆಳಗೆ ನಿಲ್ಲಿಸಿ, ಬೆಣೆ ಹೊಡೆದು ಬಿಗಿ ಮಾಡಿ, ಅದರ ಮೇಲೆ ಕಲ್ಲು ಜೋಡಿಸುತ್ತಾರೆ. ನಡುವಿನ ಕೊನೆಯ ಕಲ್ಲು ಕೂತ ಮೇಲೆ ಬೆಣೆ ಸಡಿಲಿಸಿ ಮರ ಇಳಿಸಬೇಕು.

ಮೊದಲ ಕಮಾನು ಮುಗಿಯಿತು. ಮರ ಇಳಿಸಲು ವಾಸ್ತುಶಿಲ್ಪಿಗೆ ಕೈ ಬರಲಿಲ್ಲ. ಗಾರೆ ಒಣಗಲಿ ಎಂದ. ಚಳಿಗಾಲ ಕಳೆಯಲಿ ಎಂದ. ಸಾಲದೆಂದು ಇನ್ನಷ್ಟು ಕಂಬ ಕೊಟ್ಟ. ಕಡೆಗೆ ವಸಂತದಲ್ಲಿ ಮರ ತೆಗೆಸಿದ. ಆಸರೆ ತಪ್ಪಿದಾಗ ಯಾವ ಕಮಾನಾದರೂ ಒಂದಿಷ್ಟು ಇಳಿದೇ ತನ್ನ ಭಾರವನ್ನು ತಾನು ಹಿಡಿಯುತ್ತದೆ. ಇದೂ ಇಳಿಯಿತು. ಆದರೆ ಗಾರೆ ಆಗಲೇ ಕಲ್ಲಾಗಿತ್ತು, ಬಗ್ಗಲಿಲ್ಲ. ಕಮಾನು ಉದ್ದಕ್ಕೂ ಬಿರುಕು ಬಿಟ್ಟಿತು. ಕಲ್ಲುಗಳನ್ನೆಲ್ಲ ಕೆಳಗಿಳಿಸಬೇಕಾಯಿತು. ಊರಿನವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಅವರು ಇನ್ನೊಂದು ಸಲ ಹೆಗಲು ಕೊಟ್ಟರು. ಇದೂ ಕೆಟ್ಟರೆ ಮತ್ತೆ ಕೊಡುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ, ಅದು ಅವನಿಗೂ ಗೊತ್ತಿತ್ತು. ಕೊನೆಯ ಕಲ್ಲು ಕೂತಿತು. ಗಾರೆ ಇನ್ನೂ ಬೆರಳಿಗೆ ಅಂಟುತ್ತಿತ್ತು. ಅವನು ಸುತ್ತಿಗೆ ಎತ್ತಿಕೊಂಡ.

ಪಾದ್ರಿ ಓಡಿಬಂದು ಅವನ ಕೈ ಹಿಡಿದ. “ತಲೆ ಕೆಟ್ಟಿದೆಯೇನಪ್ಪ? ಒಣಗಿದ್ದೇ ನಿಲ್ಲಲಿಲ್ಲ, ಹಸಿಯದು ನಿಲ್ಲುತ್ತದೆಯೇ?”

“ಒಣಗಿದ್ದಕ್ಕೇ ನಿಲ್ಲಲಿಲ್ಲ ಫಾದರ್. ಹಸಿಯಿದ್ದಾಗಲೇ ಅದು ಇಳಿದು ಕೂರಬೇಕು. ನೀವು ಜನರನ್ನು ಹೊರಗೆ ಕರೆದುಕೊಂಡು ಹೋಗಿ.”

ಎಲ್ಲರೂ ಬಾಗಿಲಾಚೆ ನಿಂತರು. ಅವನು ಕಮಾನಿನ ಕೆಳಗೇ ನಿಂತ. ಬೆಣೆಗಳನ್ನು ತುಸುವೇ ಸಡಿಲಿಸಿದ. ಮರ ಇಳಿಯಿತು. ಕಮಾನೂ ಅದರ ಹಿಂದೆಯೇ ಇಳಿಯಿತು. ಸಂದುಗಳಿಂದ ಹಸಿ ಗಾರೆ ಉಕ್ಕಿ ಅವನ ಕೋಟಿನ ಮೇಲೆ ಬಿತ್ತು. ಕಣ್ಣು ಮುಚ್ಚಿ ಮತ್ತೆ ಹೊಡೆದ. ಮರ ಇನ್ನೂ ಇಳಿಯಿತು. ಈ ಸಲ ಕಮಾನು ಇಳಿಯಲಿಲ್ಲ. ಕಣ್ಣು ತೆರೆದಾಗ ಮರಕ್ಕೂ ಕಲ್ಲಿಗೂ ನಡುವೆ ಬೆಳಕು ಕಾಣುತ್ತಿತ್ತು.

ಮೊದಲು ಒಳಗೆ ಬಂದವಳು ಹಸಿವಿನ ವರ್ಷದಲ್ಲಿ ಮನೆಮಂದಿಯನ್ನೆಲ್ಲ ಕಳೆದುಕೊಂಡ ಒಬ್ಬ ಮುದುಕಿ. ಯಾರ ಮಾತನ್ನೂ ಕೇಳದೆ ಏಣಿ ಹತ್ತಿದಳು. ಹೊದ್ದಿದ್ದ ಶಾಲನ್ನು ಆ ಸಂದಿಯಲ್ಲಿ ತೂರಿಸಿದಳು. ಆಚೆ ಬದಿಯಿಂದ ಪಾದ್ರಿ ಹತ್ತಿ ಎಳೆದ. ಶಾಲು ಎಲ್ಲಿಯೂ ತಡೆಯದೆ ಬಂತು.

“ನಿಂತಿದೆ! ತಾನೇ ನಿಂತಿದೆ!” ಎಂದು ಮುದುಕಿ ಕೂಗಿದಳು. ಊರಿಗೆ ಊರೇ ಒಳಗೆ ನುಗ್ಗಿತು. ಕಲ್ಲು ಹೊತ್ತ ಹೆಗಲ ಮೇಲೆ ವಾಸ್ತುಶಿಲ್ಪಿಯನ್ನು ಹೊತ್ತು ಕುಣಿದರು. ಅವನು ಅಳುತ್ತಲೂ ಇದ್ದ, ನಗುತ್ತಲೂ ಇದ್ದ. ಮರುದಿನ ಅದೇ ಮರವನ್ನು ಮುಂದಿನ ಕಮಾನಿಗೆ ಒಯ್ದರು, ಅದು ನಿಂತ ಮೇಲೆ ಅದರ ಮುಂದಿನದಕ್ಕೆ. ಆಮೇಲೆ ಆ ಸಮುದ್ರದಲ್ಲಿ ಬರುವ ಹಡಗುಗಳಿಗೆ ಎಲ್ಲಕ್ಕಿಂತ ಮೊದಲು ಕಾಣುತ್ತಿದ್ದುದು ಆ ಚರ್ಚೇ.

ಗುರುಗಳು ಕತೆ ಮುಗಿಸಿದರು. ಕರಿಬಸವನಿಗೆ ಕಣ್ಣು ತುಂಬಿತ್ತು. “ಅದು ಕಲ್ಲಿನ ಮಾತಾಯಿತು ಬುದ್ಧಿ. ನಾನು ಇನ್ನೊಂದು ವರ್ಷ ಇದ್ದರೆ ತಮಗೇನು ಭಾರ?” ಎಂದ.

“ಭಾರವೇನಿಲ್ಲಪ್ಪ, ಮುಂದಿನ ಕಮಾನಿಗೆ ಮರ ಬೇಕು” ಎಂದರು ಗುರುಗಳು.

ಕರಿಬಸವ ಅಂಗಳದಲ್ಲಿ ಪಾಠಕ್ಕೆ ಕಾಯುತ್ತಿದ್ದ ಚಿಕ್ಕ ಹುಡುಗರತ್ತ ನೋಡಿ, ಗುರುಗಳ ಪಾದಕ್ಕೆ ನಮಸ್ಕರಿಸಿ, ಗಂಟು ಕಟ್ಟಲು ಎದ್ದ.