ಯಾವುದಾದರೂ ಒಂದು ವಿದ್ಯೆ

ಗುರುತಾಯಿ ಸಣ್ಣಮ್ಮ ಎತ್ತಿನ ಮೂಳೆಗಳನ್ನು ಒಂದೊಂದಾಗಿ ಎತ್ತಿ ಹೊಳೆಗೆ ಎಸೆಯುತ್ತಿದ್ದರು.

ಸ್ನಾನ ಮುಗಿಸಿ ಬಂದ ಶಿಷ್ಯ ಮರಿಸ್ವಾಮಿ ನಿಂತಲ್ಲೇ ಕಲ್ಲಾದ. ಆ ಮೂಳೆಗಳನ್ನು ಅವನೇ ಕಾಡಿನಿಂದ ಆರಿಸಿ ತಂದು, ತೊಳೆದು, ಬಿಸಿಲಿಗೆ ಒಣಗಿಸಿ, ಆಶ್ರಮದ ಅಂಗಳದಲ್ಲಿ ಜೋಡಿಸಿಟ್ಟಿದ್ದ.

"ಅಮ್ಮಾ! ಅದು ನನ್ನ ಪಾಠ!"

"ನಿನ್ನ ಪಾಠಕ್ಕೆ ನಾಲ್ಕು ಕಾಲಿದೆಯಲ್ಲೋ," ಎಂದರು ಸಣ್ಣಮ್ಮ. ತೊಡೆಯ ಮೂಳೆಯೂ ನೀರಿಗೆ ಬಿತ್ತು.



ಹೊಳೆಯ ಆಚೆ ದಡದಲ್ಲಿ ಒಂದು ಶಾಲೆಯಿತ್ತು. ಬಿದ್ದವರನ್ನು ಎಬ್ಬಿಸುವ, ಸೆಟೆದ ಕೈಕಾಲು ಸಡಿಲಿಸುವ, ನಡಿಗೆ ಮರೆತವರಿಗೆ ಮತ್ತೆ ನಡಿಗೆ ಕಲಿಸುವ ವಿದ್ಯೆ ಅಲ್ಲಿಯದು. ಅಲ್ಲಿಗೆ ಸೇರಲು ಒಂದು ಕಟ್ಟಳೆ. ಮೊದಲು ಬೇರೆ ಯಾವುದಾದರೂ ಒಂದು ವಿದ್ಯೆಯನ್ನು ಪೂರ್ತಿ ಕಲಿತಿರಬೇಕು. ಜೊತೆಗೆ ಮೈಯೊಳಗಿನ ಮೂಳೆ, ನರಗಳ ಹೆಸರು ತಿಳಿದಿರಬೇಕು. ಅಷ್ಟೇ.

ಆ 'ಯಾವುದಾದರೂ' ಎಂಬ ಮಾತೇ ಮರಿಸ್ವಾಮಿಯ ನಿದ್ದೆ ಕೆಡಿಸಿತ್ತು.

ಅವನ ಅಕ್ಕ ದೇವೀರಿ ಹುಣಸೆ ಮರದಿಂದ ಬಿದ್ದು ಹಾಸಿಗೆ ಹಿಡಿದಿದ್ದಳು. ಆಶ್ರಮದ ಹಿಂದಿನ ಗುಡಿಸಲಲ್ಲೇ ಇದ್ದಳು. ಅವಳನ್ನು ಮತ್ತೆ ನಡೆಸಬೇಕೆಂದೇ ಅವನು ಆ ಶಾಲೆಯ ಕನಸು ಕಂಡದ್ದು. ಆಶ್ರಮದಲ್ಲಿ ಹೊಸ ಪಾಠಗಳು ನಾಳೆ ಶುರು. ಯಾವ ವಿದ್ಯೆ ಕಲಿಯುತ್ತೇನೆಂದು ಇವತ್ತೇ ಹೇಳಬೇಕು. ಹೇಳದವನು ಮುಂದಿನ ಸುಗ್ಗಿಯವರೆಗೆ ಕಾಯಬೇಕು.

"ಯಾವುದಾದರೂ ಅಂತ ಬಾಯಿಮಾತಿಗೆ ಅಂದಿರ್ತಾರೆ ಅಮ್ಮಾ. ಅವರ ಮನಸ್ಸಿನಲ್ಲಿ ಒಂದು ಇದ್ದೇ ಇರುತ್ತದೆ. ಅದು ಮೂಳೆಯ ಶಾಸ್ತ್ರವೇ. ಎಲ್ಲರೂ ಹಾಗೇ ಹೇಳ್ತಾರೆ."

"ಎಲ್ಲರೂ ಅಂದರೆ ಯಾರಪ್ಪ?"

"ಅಡುಗೆಯವರು. ಅಂಬಿಗರು. ಹಿರಿಯ ಶಿಷ್ಯರು."

"ಅವರಲ್ಲಿ ಆ ಶಾಲೆಯ ಬಾಗಿಲು ಕಂಡವರು ಯಾರು?"

ಯಾರೂ ಕಂಡಿರಲಿಲ್ಲ.

"ನಿನ್ನ ಅಕ್ಕನನ್ನು ಕೇಳಿದೆಯಾ?"

"ಮಲಗಿದವಳಿಗೆ ಏನು ಗೊತ್ತಾಗುತ್ತದೆ ಅಮ್ಮಾ?"

ಸಣ್ಣಮ್ಮ ಸೆರಗಿಗೆ ಕೈ ಒರೆಸಿಕೊಂಡರು.

"ನಿನ್ನೆ ಎದ್ದು ನಿಂತಳು."

ಮಾತು ಕಿವಿಗೆ ಬಿತ್ತು. ತಲೆಗೆ ಹೋಗಲಿಲ್ಲ.

"ಯಾರು?"

"ನಿನ್ನ ಅಕ್ಕ ಕಣೋ. ಒಣಹಾಕಿದ ಸೀರೆಯನ್ನು ಆಡು ಜಗಿಯುತ್ತಿತ್ತು. ಬೈದಳು, ಹೋಗಲಿಲ್ಲ. ಚೆಂಬು ಎಸೆದಳು, ತಾಗಲಿಲ್ಲ. ಗೋಡೆ ಹಿಡಿದು ಎದ್ದಳು."

ಮರಿಸ್ವಾಮಿ ನೆಲದ ಮೇಲೆ ಕುಕ್ಕರಿಸಿದ.

"ನಾನು... ನಾನು ಎಲ್ಲಿದ್ದೆ?"

"ಇಲ್ಲೇ ಇದ್ದೆ. ಎತ್ತಿನ ಬಾಲ ಜೋಡಿಸ್ತಿದ್ದೆ."

"ಅಂದರೆ ಅವಳು ವಾಸಿಯಾದಳು!"

"ನಿಂತಳು ಅಂದೆ. ಆಮೇಲೆ ಬಿದ್ದಳು. ಅದೂ ನಿನಗೆ ಕೇಳಿಸಲಿಲ್ಲ."

ಮರಿಸ್ವಾಮಿ ಓಡಿದ.

ದೇವೀರಿ ಗೋಡೆಗೆ ಒರಗಿ ಕುಳಿತಿದ್ದಳು. ಮೊಣಕೈ ತರಚಿತ್ತು.

"ಯಾರಪ್ಪಾ ನೀನು?" ಎಂದಳು. "ನನಗೊಬ್ಬ ತಮ್ಮ ಇದ್ದ. ಹಾಡಿಕೊಂಡು ತಿರುಗ್ತಿದ್ದ, ಬರುವ ಮೊದಲೇ ಬಂದ ಅಂತ ತಿಳೀತಿತ್ತು. ಈಗ ಮೂಳೆ ಕಚ್ಚಿಕೊಂಡು ಅಂಗಳದಲ್ಲಿ ಕೂತಿರ್ತಾನಂತೆ, ನಾಯಿಯ ಹಾಗೆ."

ಅವನು ಬಗ್ಗಿ, ಅವಳ ಕಂಕುಳಿಗೆ ಎರಡೂ ಕೈ ಹಾಕಿ ಎಳೆದ.

ಅವಳ ಕೂಗಿಗೆ ಮಾಡಿನ ಮೇಲಿದ್ದ ಹಕ್ಕಿಗಳು ಹಾರಿದವು. ಅವನು ಬೆಂಕಿ ಮುಟ್ಟಿದವನಂತೆ ಕೈಬಿಟ್ಟ.

"ನಾನೇನು ರಾಗಿ ಮೂಟೆಯೇನೋ?"

"ನಿನ್ನನ್ನು ಎತ್ತೋಣ ಅಂತ ಅಕ್ಕಾ..."

"ಎತ್ತಬೇಡ. ಇಲ್ಲಿ ಮಂಡಿ ಊರು. ಅಲ್ಲಾಡಬೇಡ. ಹಿಡಿದುಕೊಳ್ಳುವವಳು ನಾನು."

ಅವನು ಮಂಡಿಯೂರಿದ. ಅವಳ ಉಗುರು ಅವನ ಹೆಗಲಿಗೆ ಇಳಿಯಿತು. ಅರ್ಧ ಎದ್ದಳು. ಧೊಪ್ಪನೆ ಕುಳಿತಳು. ಮತ್ತೆ ಹಿಡಿದಳು. ಮತ್ತೆ ಕುಳಿತಳು. ಅವನ ಹೆಗಲು ಉರಿಯಿತು, ಕಣ್ಣಲ್ಲಿ ನೀರು ಬಂತು.

"ಸಾಕು ಅಕ್ಕಾ."

"ನಿನಗೆ ಸಾಕಾಯಿತಾ? ನನಗಿನ್ನೂ ಆಗಿಲ್ಲ. ಸುಮ್ಮನಿರು."

ಎಷ್ಟನೆಯ ಸಲವೋ, ಅವಳ ಭಾರವೆಲ್ಲ ಒಮ್ಮೆಗೇ ಅವನ ಮೇಲೆ ಬಂತು. ಅವಳ ಉಸಿರು ಅವನ ತಲೆಗೆ ಮೇಲಿನಿಂದ ತಾಗಿತು. ಕತ್ತೆತ್ತಲು ಅವನಿಗೆ ಹೆದರಿಕೆ. ಕಣ್ಣಿಗೆ ಕಂಡದ್ದು ಅವಳ ಪಾದಗಳು ಮಾತ್ರ. ಅವು ಆಗ ತಾನೇ ಹುಟ್ಟಿದ ಕರುವಿನ ಕಾಲಿನಂತೆ ನಡುಗುತ್ತಿದ್ದವು. ಆದರೆ ನೆಲದ ಮೇಲಿದ್ದವು.

"ಹ್ಞೂಂ," ಎಂದಳು ದೇವೀರಿ. "ಈಗ ಮೆಲ್ಲಗೆ ಕೂರಿಸು."

ಹೊರಗೆ ಬಂದಾಗ ಅವನ ಮುಖ ಬಿಳುಚಿತ್ತು. ಸಣ್ಣಮ್ಮ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದರು.

"ಅಮ್ಮಾ, ನನಗೆ ಏನೂ ಗೊತ್ತಿಲ್ಲ."

"ಅದು ಆಶ್ರಮಕ್ಕೆಲ್ಲ ಗೊತ್ತು. ಯಾವ ವಿದ್ಯೆ ಹೇಳು, ಹೊತ್ತು ಇಳೀತಿದೆ."

"ನೀವೇ ಹೇಳಿ."

"ಕಲಿಯುವವಳು ನಾನಾ?"

ಅವನು ತಲೆ ತಗ್ಗಿಸಿದ. "ಹೇಳಿದರೆ ನಗ್ತೀರಿ."

"ನಗು ಬಂದರೆ ನಗ್ತೀನಿ."

"ಸಂಗೀತ."

ಸಣ್ಣಮ್ಮ ನಗಲಿಲ್ಲ.

"ಸರಿ. ಬೆಳಿಗ್ಗೆ ಹೋಗಿ ಶ್ರುತಿ ಹಿಡಿದು ಕೂತುಕೋ."

ಕೇಳಿದವನೂ ಅವನೇ, ಬೆಚ್ಚಿಬಿದ್ದವನೂ ಅವನೇ.

"ಸಂಗೀತವಾ? ಮುರಿದ ಸೊಂಟಕ್ಕೂ ಸಂಗೀತಕ್ಕೂ ಎಲ್ಲಿಂದೆಲ್ಲಿಗೆ ಅಮ್ಮಾ? ಮೂಳೆ ಏನಾಯಿತು?"

"ಅದನ್ನೂ ಕಲಿ. ದಿನಾ ಹಲ್ಲುಜ್ಜುವುದಿಲ್ಲವಾ, ಹಾಗೆ. ಮನುಷ್ಯರದ್ದು ಕಲಿ."

"ಆಚೆ ದಡದವರು ಬಾಗಿಲಲ್ಲೇ ನಿಲ್ಲಿಸಿದರೆ? ಹಾಡುವವನಿಗೆ ಇಲ್ಲೇನು ಕೆಲಸ ಅಂತ ಕೇಳಿದರೆ ಏನು ಹೇಳಲಿ?"

ಸಣ್ಣಮ್ಮ ಸೊಪ್ಪಿನ ದಂಟೊಂದನ್ನು ಮುರಿದು ಮೊರಕ್ಕೆ ಹಾಕಿದರು.

"ಒಂದೇ ಸಾಲಿನಲ್ಲಿ ನೂರು ಸಲ ತಪ್ಪಿ, ಮತ್ತೆ ಅದಕ್ಕೇ ಬಾಯಿ ತೆರೆದವನು ಬಂದಿದ್ದೇನೆ ಅನ್ನು."