ಎದುರು ಬೆಟ್ಟದ ಊರು

ಬಳ್ಳಾರಿ ಕಡೆಯ ಗಾದಿಲಿಂಗ ಹಿಮಾಲಯದ ಒಂದು ಪುಟ್ಟ ಆಶ್ರಮದಲ್ಲಿ ಶಿಷ್ಯನಾಗಿದ್ದ. ಗುರುಗಳೂ ಅದೇ ಸೀಮೆಯವರು. ಅವನ ಬಾಯಲ್ಲಿ ಅವರು ಅಜ್ಜಾರು.

ಕಣಿವೆಯಾಚೆ, ಎದುರು ಬೆಟ್ಟದ ಊರಿನ ಮಕ್ಕಳಿಗೆ ಅಕ್ಷರ ಕಲಿಸುವವರು ಬೇಕಾಗಿತ್ತು. ಆ ಕೆಲಸಕ್ಕೆಂದೇ ಗಾದಿಲಿಂಗ ಎರಡು ವರ್ಷ ಕಾದಿದ್ದ. ಆಶ್ರಮದ ಸುತ್ತಲಿನ ಜನರ ಭಾಷೆಯನ್ನು ಅರೆದು ಕುಡಿದಿದ್ದ.

“ಅಲ್ಲೀ ಮಾತು ಬ್ಯಾರೆ ಐತಿ. ಮೊದಲು ನಾಕು ಸಲ ಹೋಗಿ ಬಾ,” ಎಂದರು ಅಜ್ಜಾರು.

“ಯಾಕ್ರೀ ಅಜ್ಜಾರ? ಅವರು ಒಣಹಾಕಿದ ಮೆಣಸಿನಕಾಯಿ ಸೈತ ಇಲ್ಲಿಗೆ ಕಾಣ್ತಾವು! ನಮ್ಮ ಬಯಲಾಗ ಕಣ್ಣಿಗೆ ಕಂಡ ಊರೆಲ್ಲಾ ನೆಂಟರ ಊರು.”

ಅಜ್ಜಾರು ನಕ್ಕರು. ಗಾದಿಲಿಂಗ ಪಾಟಿಚೀಲ ಹೊತ್ತು ಹೊರಟ.

ಆರನೇ ದಿನ ಇಂಗು ತಿಂದ ಮಂಗನಂತೆ ವಾಪಸು ಬಂದ. ಚೀಲದ ತುಂಬ ಬೇಯಿಸಿದ ಆಲೂಗಡ್ಡೆ.

“ಏನಾತಲೇ?”

“ನಾ ಮಾಸ್ತರ ಅಂದೆ. ಒಬ್ಬಾಕಿ ಒಂದು ಆಲೂಗಡ್ಡಿ ಕೊಟ್ಟಳು. ಜೋರಾಗಿ ಅಂದೆ, ಎರಡು ಕೊಟ್ಟಳು. ಮನಿಮನಿಗೆ ಹೋದೆ, ಚೀಲ ತುಂಬಿತು. ನನ್ನ ಒಂದು ಮಾತೂ ಯಾರಿಗೂ ತಿಳೀಲಿಲ್ರಿ.”

ಅಜ್ಜಾರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ಆಲೂಗಡ್ಡೆ ಸುಲಿದು ಬಾಯಿಗೆ ಹಾಕಿಕೊಂಡರು.

ಗಾದಿಲಿಂಗನಿಗೆ ಅಳುವೇ ಬಂತು. “ಬ್ಯಾರೆಯವರನ್ನ ಕಳಸ್ರಿ ಅಜ್ಜಾರ. ನನ್ನ ಕೈಲಿ ಆಗೂದಿಲ್ಲ. ಈ ಕಡಿ ಬೆಟ್ಟದ ದಂಡಿ ಗುಂಟ ಎಂಟು ದಿನ ನಡೆದರೂ ಒಂದೇ ಮಾತು. ಕಣ್ಣೆದುರಿನ ಊರಿಗೆ ಬ್ಯಾರೆ ಮಾತು ಅಂದ್ರ ಹೆಂಗ್ರಿ?”

“ದಂಡಿ ಗುಂಟ ಹೇಸರಗತ್ತಿ ಹಾದಿ ಐತಿ, ದಿನಾ ಮಂದಿ ಓಡಾಡ್ತಾರ. ಎದುರಿನ ಊರಿಗೆ ನಿನ್ನ ಕಣ್ಣು ಮುಟ್ಟಾಕ ಎಷ್ಟು ಹೊತ್ತು ಬೇಕು?”

“ರೆಪ್ಪಿ ಬಡಿಯೂದರಾಗ.”

“ಕಾಲು?”

“ಇಳಿಯಾಕ ಒಂದು ದಿನ, ಹತ್ತಾಕ ಒಂದು ದಿನ. ಹಿಮ ಬಿದ್ರ ಹಾದೀನೇ ಇಲ್ಲ.”

“ಮತ್ತ ಮಾತು ಯಾರ ಸಂಗಡ ಹೋಗ್ತೈತಿ? ಕಣ್ಣಿನ ಸಂಗಡೋ, ಕಾಲಿನ ಸಂಗಡೋ?”

ಗಾದಿಲಿಂಗ ಮೊಣಕಾಲು ನೀವಿಕೊಳ್ಳುತ್ತ ಕೂತ.

ಅಜ್ಜಾರು ಒಳಗಿನಿಂದ ಸಾಸಿವೆ ಎಣ್ಣೆಯ ಕುಪ್ಪಿ ತಂದು ಅವನ ಮುಂದಿಟ್ಟರು. “ಹಚ್ಚಿ ತಿಕ್ಕಿಕೋ. ನಾಳೆ ಮತ್ತ ಹೊರಡು.”

“ಮತ್ತ? ಅವರ ಮಾತು ಬರಾಕ ಎಷ್ಟು ಸಲ ಹೋಗಬೇಕ್ರಿ?”

“ಮೊಣಕಾಲು ನೋಯೂದು ಬಿಡೂ ತನಕ.”