ಚುಕ್ಕೆಯ ಹೂ

"ಗುರುಗಳೇ, ಒಂದು ಗಿಡದ ಹೆಸರು ಹೇಳುವುದಕ್ಕೆ ನೀವು ಇಷ್ಟೊಂದು ಹೆದರುತ್ತೀರಿ. ತಪ್ಪಾದರೆ ಆಮೇಲೆ ತಿದ್ದಿಕೊಳ್ಳಬಹುದಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ವೈದ್ಯನಿದ್ದ. ಅವನ ಊರಿನ ಗುಡ್ಡದಲ್ಲಿ ಒಂದು ಕಾಡುಗಿಡವಿತ್ತು. ತಪ್ಪಲಿನಲ್ಲಿ ಅದು ಎತ್ತರ ಬೆಳೆದು, ನುಣುಪಾದ ಎಲೆಗಳ ನಡುವೆ ಬಿಳಿ ಹೂ ಬಿಡುತ್ತಿತ್ತು. ಆ ಹೂವಿನ ಕಷಾಯ ಚಳಿಜ್ವರಕ್ಕೆ ಮದ್ದು. ನೆತ್ತಿಯ ಬಂಡೆಗಳ ಸಂದಿನಲ್ಲಿ ಬೆಳೆದದ್ದು ಗಿಡ್ಡ. ಎಲೆಯ ತುಂಬ ರೋಮ, ಎಸಳಿನ ಮೇಲೆ ಕೆಂಪು ಚುಕ್ಕೆ. ವೈದ್ಯ ಮೇಲಿನ ಎರಡು ಗಿಡ, ಕೆಳಗಿನ ಎರಡು ಗಿಡ ನೋಡಿ, ಇವು ಬೇರೆ ಬೇರೆ ಜಾತಿ, ಚುಕ್ಕೆಯದು ವಿಷ ಎಂದು ಓಲೆಯಲ್ಲಿ ಬರೆದಿಟ್ಟ. ಊರು ನಂಬಿತು.

ಹನ್ನೆರಡು ವರ್ಷದ ಮೇಲೆ ಅವನು ಪರ ಊರಿಗೆ ಹೋಗಿದ್ದಾಗ ಮಗಳಿಗೆ ಜ್ವರ ಬಂತು. ನೋಡಲು ಬಂದಿದ್ದ ಅವಳ ಅಜ್ಜಿ ಬೇರೆ ಸೀಮೆಯವಳು. ಚುಕ್ಕೆಯದು ವಿಷವೆಂಬ ಮಾತು ತಿಳಿಯದೆ, ಗುಡ್ಡದಲ್ಲಿ ಸಿಕ್ಕಿದ ಆ ಹೂ ತಂದು ಕುದಿಸಿ ಕುಡಿಸಿದಳು. ಮನೆಗೆ ಬಂದ ವೈದ್ಯ ಸೋಸಿ ಚೆಲ್ಲಿದ ಚರಟದಲ್ಲಿ ಚುಕ್ಕೆಯ ಎಸಳು ಕಂಡ. ಮಗಳ ಕೈ ಹಿಡಿದು ಕುಳಿತ. ಗಳಿಗೆಗೊಮ್ಮೆ ನಾಡಿ ನೋಡಿದ. ಸಂಜೆಯ ಹೊತ್ತಿಗೆ ಮಗಳು ಬೆವರಿದಳು. ಜ್ವರ ಇಳಿಯಿತು. ಗಂಜಿ ಕೇಳಿದಳು.

ಮರುದಿನ ಅವನು ನೆತ್ತಿಯಿಂದ ಒಂದೊಂದೇ ಗಿಡ ನೋಡುತ್ತ ಇಳಿದ. ರೋಮ ಕಡಿಮೆಯಾಗುತ್ತ ಬಂತು, ಚುಕ್ಕೆ ಮಾಸುತ್ತ ಬಂತು. ನಡುಗುಡ್ಡದಲ್ಲಿ ಒಂದೇ ಟೊಂಗೆಯ ಮೇಲೆ ಎರಡು ಬಗೆಯ ಹೂಗಳೂ ಇದ್ದವು. ಇಲ್ಲಿಗೆ ಒಂದು ಜಾತಿ ಮುಗಿಯಿತು ಎನ್ನಲು ಗೇಣು ಜಾಗವೂ ಸಿಗಲಿಲ್ಲ. ಮದ್ದಿಲ್ಲ ಎಂದು ತಾನು ಹಿಂದೆ ಕಳಿಸಿದವರ ಮುಖಗಳು ನೆನಪಾದವು.

ಕೆಳಗೆ ಒಬ್ಬ ಹೆಂಗಸು ಸೌದೆ ಆರಿಸುತ್ತಿದ್ದಳು. ಹಳ್ಳ ಉಕ್ಕಿ ತಪ್ಪಲಿನ ಗಿಡಗಳೆಲ್ಲ ಕೊಚ್ಚಿಹೋದ ವರ್ಷ ಅವಳು ಜ್ವರದ ಮಗನಿಗೆಂದು ಚುಕ್ಕೆಯ ಹೂ ತಂದಿದ್ದಳು. ವೈದ್ಯ ಅದನ್ನು ಕಸಿದು ಒಲೆಗೆ ಹಾಕಿದ್ದ. ಮಗು ಉಳಿಯಲಿಲ್ಲ.

ಅವಳು ವೈದ್ಯನನ್ನು ಕಂಡು ಕೈಮುಗಿದಳು. "ಅವತ್ತು ನೀವು ತಡೆಯದಿದ್ದರೆ ನನ್ನ ಕೈಯಾರೆ ಮಗನಿಗೆ ವಿಷ ಕುಡಿಸುತ್ತಿದ್ದೆ ಸ್ವಾಮಿ. ಅದೊಂದು ಸಮಾಧಾನದಲ್ಲಿ ಬದುಕಿದ್ದೇನೆ" ಎಂದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ, "ವೈದ್ಯ ಆ ಓಲೆಯನ್ನು ತಿದ್ದಲಿಲ್ಲವೇ?" ಎಂದು ಕೇಳಿದ.

"ಓಲೆಯನ್ನು ಅಂದೇ ತಿದ್ದಿ ಆಯಿತು, ಆ ತಾಯಿಗೆ ನಾನು ಏನೆಂದು ಹೇಳಲಿ?" ಎಂದರು ಗುರುಗಳು.